ಟರ್ಕಿಯ ಉದ್ದ ದಾರಿಗಳು, ಬಸ್ಸಿನ ಕಿಟಕಿಯಿಂದ

ಟರ್ಕಿಗೆ ಹೋಗುವವರು ಸಾಮಾನ್ಯವಾಗಿ ಇಸ್ತಾಂಬುಲ್ ನೋಡಿ, ಅಲ್ಲಿಂದ ವಿಮಾನದಲ್ಲಿ ಕಪಡೋಕಿಯಕ್ಕೆ ಹೋಗಿ, ಬಲೂನು ಹತ್ತಿ, ಮತ್ತೆ ವಿಮಾನದಲ್ಲೇ ವಾಪಸ್ ಬರುತ್ತಾರೆ. ಹೋದ ಅಕ್ಟೋಬರ್‌ನಲ್ಲಿ ನಾನೂ ಅಕ್ಕನೂ ಹೋದಾಗ ಆ ದೇಶದ ಒಳಗೆ ಒಂದು ಸಲವೂ ವಿಮಾನ ಹತ್ತಲಿಲ್ಲ. ಅಕ್ಕ ದಾವಣಗೆರೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಭೂಗೋಳ ಪಾಠ ಮಾಡಿ ನಿವೃತ್ತಿಯಾದವಳು. "ಅನಟೋಲಿಯ ಪ್ರಸ್ಥಭೂಮಿ ಅಂತ ಬೋರ್ಡ್ ಮೇಲೆ ಎಷ್ಟು ವರ್ಷ ಬರೆದಿದ್ದೀನಿ ಗೊತ್ತೇನೋ? ಅದನ್ನ ಮೋಡದ ಮೇಲಿಂದ ದಾಟಿ ಹೋಗೋಕೆ ನನಗೆ ಮನಸ್ಸಿಲ್ಲ" ಅಂದಳು. ಅಲ್ಲಿಗೆ ತೀರ್ಮಾನ ಆಯಿತು. ವೀಸಾ, ಹೋಟೆಲು, ಇಸ್ತಾಂಬುಲ್ ಸುತ್ತಾಟ ಎಲ್ಲ ಬಿಟ್ಟು ನೇರ ಬಸ್ ನಿಲ್ದಾಣಕ್ಕೇ ಬರುತ್ತೇನೆ.

ಸೋಮವಾರ ರಾತ್ರಿ, ಇಸ್ತಾಂಬುಲ್

ಬಸ್ ನಿಲ್ದಾಣಕ್ಕೆ ಅಲ್ಲಿ ಓಟೊಗಾರ್ ಅನ್ನುತ್ತಾರೆ. ಇಸ್ತಾಂಬುಲ್‌ನ ದೊಡ್ಡ ಓಟೊಗಾರ್ ಇರುವುದು ಎಸೆನ್ಲೆರ್ ಎಂಬ ಕಡೆ, 1994ರಲ್ಲಿ ಶುರುವಾದದ್ದು. ಮೆಟ್ರೊ ಅಲ್ಲೇ ನಿಲ್ಲುತ್ತದೆ, ಸ್ಟೇಷನ್ ಹೆಸರೂ ಓಟೊಗಾರ್ ಅಂತಲೇ. ಒಳಗೆ ಹೋದರೆ ಸಾಲು ಸಾಲು ಕೌಂಟರ್‌ಗಳು. ಒಂದೊಂದು ಬಸ್ ಕಂಪನಿಗೂ ಒಂದೊಂದು ಅಂಗಡಿ, ಎದುರಿಗೆ ನಿಂತ ಹುಡುಗರು "ಅಂಕಾರಾ, ಅಂಕಾರಾ, ಅಂಕಾರಾ" ಅಂತ ಕೂಗುತ್ತಿರುತ್ತಾರೆ. ಮೆಜೆಸ್ಟಿಕ್‌ನಲ್ಲಿ ಓಡಾಡಿ ಅಭ್ಯಾಸ ಇದ್ದವರಿಗೆ ಇಲ್ಲಿ ಹೆದರಿಕೆ ಆಗುವುದಿಲ್ಲ.

ಟಿಕೆಟ್ ಕೊಡುವಾಗ ಪಾಸ್‌ಪೋರ್ಟ್ ನಂಬರ್ ಕೇಳುತ್ತಾರೆ, ಗಂಡೋ ಹೆಣ್ಣೋ ಅನ್ನುವುದನ್ನೂ ಬರೆದುಕೊಳ್ಳುತ್ತಾರೆ. ಪರಿಚಯ ಇಲ್ಲದ ಗಂಡಸು ಹೆಂಗಸನ್ನು ಅಕ್ಕಪಕ್ಕ ಕೂರಿಸುವುದಿಲ್ಲ. ಜೊತೆಯಲ್ಲಿ ಹೋಗುವವರು ಒಟ್ಟಿಗೇ ಟಿಕೆಟ್ ತೆಗೆದುಕೊಂಡರೆ ತೊಂದರೆ ಇಲ್ಲ, ಬೇರೆ ಬೇರೆ ತೆಗೆದುಕೊಂಡರೆ ಸೀಟು ಬೇರೆಯಾಗುತ್ತದೆ. ಒಬ್ಬಳೇ ಓಡಾಡುವ ಹೆಂಗಸಿಗೆ ಇದು ದೊಡ್ಡ ನೆಮ್ಮದಿ ಅಂತ ಅಕ್ಕನ ಅಭಿಪ್ರಾಯ. ಬಸ್ಸಿನಲ್ಲಿ ಒಂದು ಕಡೆ ಎರಡು ಸೀಟು, ಇನ್ನೊಂದು ಕಡೆ ಒಂದೇ ಸೀಟು. ಕಾಲು ಚಾಚಲು ಧಾರಾಳ ಜಾಗ. ಮಲಗುವ ಬರ್ತ್ ಇರುವುದಿಲ್ಲ, ಟಾಯ್ಲೆಟ್ಟೂ ಸಾಮಾನ್ಯವಾಗಿ ಇರುವುದಿಲ್ಲ.

ರಾತ್ರಿ ಹನ್ನೊಂದರ ಹೊತ್ತಿಗೆ ಕಪಡೋಕಿಯದ ಗೋರೆಮೆ ಊರಿಗೆ ಹೊರಟ ನಮ್ಮ ಬಸ್ಸು ಹಿಂದಕ್ಕೆ ಸರಿಯಿತು. ಪಕ್ಕದ ಬಸ್ಸಿನ ಹಿಂದೆ ವಯಸ್ಸಾದ ಹೆಂಗಸೊಬ್ಬರು ಬಾಟಲಿಯಿಂದ ನೆಲಕ್ಕೆ ನೀರು ಚೆಲ್ಲಿದರು, ಮಗನನ್ನೋ ಮೊಮ್ಮಗನನ್ನೋ ಕಳಿಸಿಕೊಡುತ್ತಿದ್ದರು ಅಂತ ಕಾಣುತ್ತದೆ. ಊರು ಬಿಟ್ಟು ಹೋಗುವವರ ಹಿಂದೆ ನೀರು ಚೆಲ್ಲುವುದು ಅಲ್ಲಿಯ ಪದ್ಧತಿ. ನೀರು ಹರಿದ ಹಾಗೆ ಸಲೀಸಾಗಿ ಹೋಗಿ, ಹಾಗೇ ವಾಪಸ್ ಬರಲಿ ಅಂತ. ಅಕ್ಕ ಕಿಟಕಿಗೆ ಮುಖ ಒತ್ತಿ ಅದನ್ನೇ ನೋಡಿದಳು. ನಮ್ಮ ಹಿಂದೆ ನೀರು ಚೆಲ್ಲುವವರು ಯಾರೂ ಇರಲಿಲ್ಲ, ಆದರೂ ಆ ಹೆಂಗಸು ನಮ್ಮ ಕಡೆಯೂ ಕೈ ಬೀಸಿದರು.

ಇನ್ನು ಮುವಾವಿನ್ ಬಗ್ಗೆ ಹೇಳಲೇಬೇಕು. ಡ್ರೈವರ್ ಜೊತೆ ಇರುವ ಸಹಾಯಕನಿಗೆ ಆ ಹೆಸರು. ನಮ್ಮ ಕಂಡಕ್ಟರ್ ಮಾಡದ ಕೆಲಸವನ್ನೆಲ್ಲ ಅವನು ಮಾಡುತ್ತಾನೆ. ಲಗೇಜು ಹಾಕಿ ಚೀಟಿ ಕೊಡುತ್ತಾನೆ (ಅದನ್ನು ಇಳಿಯುವ ತನಕ ಜೋಪಾನ ಮಾಡಬೇಕು), ಯಾರು ಎಲ್ಲಿ ಇಳಿಯಬೇಕು ಅನ್ನುವುದು ಅವನಿಗೆ ಬಾಯಿಪಾಠ. ಸ್ವಲ್ಪ ದೂರ ಹೋದ ಮೇಲೆ ಸಣ್ಣ ತಳ್ಳುಗಾಡಿಯಲ್ಲಿ ಟೀ, ಕಾಫಿ, ನೀರು, ಪ್ಯಾಕೆಟ್ ಕೇಕು ತರುತ್ತಾನೆ, ಅದಕ್ಕೆ ಬೇರೆ ದುಡ್ಡಿಲ್ಲ. ನಮ್ಮ ಬಸ್ಸಿನ ಹುಡುಗ ನಿಂಬೆ ವಾಸನೆಯ ಕೊಲೊನ್ಯಾ ಬಾಟಲಿಯನ್ನೂ ಹಿಡಿದು ಬಂದ. ಈಗ ಎಲ್ಲ ಬಸ್ಸಿನಲ್ಲೂ ಇದು ಸಿಗುವುದಿಲ್ಲವಂತೆ. ಅಕ್ಕ ತೀರ್ಥಕ್ಕೆ ಒಡ್ಡುವ ಹಾಗೆ ಅಂಗೈ ಒಡ್ಡಿದಳು. ಅವನು ಸುರಿದ, ಕೈ ಮುಖಕ್ಕೆ ಸವರಿಕೊಳ್ಳುವುದನ್ನು ತಾನೇ ಮಾಡಿ ತೋರಿಸಿದ. ಇಡೀ ಬಸ್ಸು ನಿಂಬೆಹಣ್ಣಿನ ವಾಸನೆಯಲ್ಲಿ ನಿದ್ದೆಗೆ ಜಾರಿತು.

ಬೋಲು ಬೆಟ್ಟದ ಹತ್ತಿರ ಮಧ್ಯರಾತ್ರಿ ಕಳೆದು ಬಹಳ ಹೊತ್ತಾದ ಮೇಲೆ ಮೊದಲ ಮೋಲಾ, ಅಂದರೆ ಊಟ ತಿಂಡಿಗೆ ನಿಲ್ಲಿಸುವುದು. ಅರ್ಧ ಗಂಟೆ ಸಿಗುತ್ತದೆ. ಬಾಗಿಲು ತೆಗೆದಾಗ ಹೊಡೆದ ಚಳಿಗೆ ನಿದ್ದೆ ಹಾರಿಹೋಯಿತು. ನೋಡಿದರೆ ಒಂದೇ ಬಣ್ಣದ ಹತ್ತಾರು ಬಸ್ಸುಗಳು, ಉದ್ದನೆಯ ಬ್ರಷ್ಷು ಪೈಪು ಹಿಡಿದು ಆ ಅಪರಾತ್ರಿಯಲ್ಲೂ ಬಸ್ ತೊಳೆಯುವ ಹುಡುಗರು! ಇಳಿದ ಕೂಡಲೇ ನಿಮ್ಮ ಬಸ್ಸಿನ ನಂಬರ್ ಪ್ಲೇಟ್ ಫೋಟೊ ತೆಗೆದುಕೊಳ್ಳಿ. ಅಲ್ಲಿ ನಂಬರಿನ ಮೊದಲ ಎರಡು ಅಂಕಿ ಆಯಾ ಪ್ರಾಂತದ್ದು: ಇಸ್ತಾಂಬುಲ್‌ಗೆ 34, ಅಂಕಾರಾಗೆ 06, ನೆವ್‌ಶೆಹಿರ್‌ಗೆ 50, ಕೊನ್ಯಾಗೆ 42. ಹೊರಡುವಾಗ ಮೈಕಿನಲ್ಲಿ ಟರ್ಕಿಶ್‌ನಲ್ಲೇ ಕೂಗುತ್ತಾರೆ, ನಮಗೆ ಅರ್ಥವಾಗುವುದು ಊರಿನ ಹೆಸರು ಮಾತ್ರ. ಟಾಯ್ಲೆಟ್ಟಿಗೆ ಚಿಲ್ಲರೆ ಕೇಳುತ್ತಾರೆ, ಜೇಬಿನಲ್ಲಿ ನಾಣ್ಯ ಇರಲಿ.

ಒಳಗೆ ಕೆಂಪು ಬೇಳೆಯ ಸೂಪು ಸಿಕ್ಕಿತು, ಮೆರ್ಜಿಮೆಕ್ ಚೋರ್ಬಾ. ನಿಂಬೆಹಣ್ಣು ಹಿಂಡಿ, ಮೇಲೆ ಒಣಮೆಣಸಿನ ತರಿ ಉದುರಿಸಿ, ಬ್ರೆಡ್ಡು ಅದ್ದಿ ತಿನ್ನುವುದು. ಬ್ರೆಡ್ಡಿಗೆ ಲೆಕ್ಕ ಇಲ್ಲ, ಬುಟ್ಟಿ ಖಾಲಿಯಾದರೆ ಮತ್ತೆ ತಂದಿಡುತ್ತಾರೆ. ನಾವು ಸಸ್ಯಾಹಾರಿಗಳು, ಇಡೀ ಪ್ರವಾಸದಲ್ಲಿ ನಮ್ಮನ್ನು ಸಾಕಿದ್ದು ಈ ಸೂಪು. ಆದರೆ ಕೆಲವು ಕಡೆ ಮಾಂಸದ ಸಾರಿನಲ್ಲಿ ಬೇಯಿಸುತ್ತಾರೆ. "ಎತ್ ಸುಯು ವಾರ್ ಮಿ?" ಅಂತ ಕೇಳಿದರೆ ಮಾಂಸದ ಸಾರು ಹಾಕಿದ್ದಾರೋ ಇಲ್ಲವೋ ಹೇಳುತ್ತಾರೆ. ಎಲ್ಲ ಕಡೆಯೂ ಸರಿಯಾಗಿ ಹೇಳಿದರು, ಒಬ್ಬ ಅಡುಗೆಯವರಂತೂ ಒಳಗೆ ಹೋಗಿ ವಿಚಾರಿಸಿಕೊಂಡು ಬಂದು ಹೇಳಿದರು.

ಮಂಗಳವಾರ, ಉಪ್ಪಿನ ಕೆರೆ ಮತ್ತು ಗೋರೆಮೆ

ಅಂಕಾರಾ ಕತ್ತಲಲ್ಲೇ ಕಳೆಯಿತು. ಅಲ್ಲಿ ಅಕ್ಟೋಬರ್‌ನಲ್ಲಿ ಬೆಳಕು ಹರಿಯುವುದು ತಡ, ಏಳು ಗಂಟೆಯ ಹೊತ್ತಿಗೆ ಸೂರ್ಯ ಕಾಣುತ್ತಾನೆ. ಆ ಹೊತ್ತಿಗೆ ಸರಿಯಾಗಿ ಅಕ್ಕ ನನ್ನ ತೋಳು ಹಿಡಿದು ಅಲುಗಾಡಿಸಿದಳು. "ಎದ್ದೇಳೋ, ತುಜ್ ಗೋಲು!" ಬಲಗಡೆ ಕಿಟಕಿಯ ತುಂಬಾ ಬಿಳಿ. ವಾನ್ ಕೆರೆ ಬಿಟ್ಟರೆ ಟರ್ಕಿಯ ಅತಿ ದೊಡ್ಡ ಕೆರೆ ಇದು. ನೀರು ಹೊರಗೆ ಹರಿದುಹೋಗಲು ದಾರಿ ಇಲ್ಲ, ಆಳವೂ ಇಲ್ಲ, ಬೇಸಿಗೆಯಲ್ಲಿ ಬಹುಪಾಲು ಒಣಗಿ ಉಪ್ಪಿನ ಪದರ ಉಳಿಯುತ್ತದೆ. ಆ ದೇಶದ ಉಪ್ಪಿನಲ್ಲಿ ದೊಡ್ಡ ಪಾಲು ಇಲ್ಲಿಂದಲೇ ಬರುತ್ತದೆ.

ದಡದ ಹತ್ತಿರ ಬಸ್ಸು ಟೀಗೆ ನಿಂತಿತು. ನಾವು ಟೀ ಬಿಟ್ಟು ಕೆರೆಯ ಕಡೆ ಓಡಿದೆವು. ಕಾಲ ಕೆಳಗೆ ಉಪ್ಪು ಕರಕರ ಅನ್ನುತ್ತಿತ್ತು, ದೂರದಲ್ಲಿ ಎಲ್ಲೋ ತೆಳ್ಳಗೆ ನೀರು ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು. ಅಕ್ಕ ಬಗ್ಗಿ ಒಂದು ಚೂರು ಉಪ್ಪು ತೆಗೆದು ನಾಲಿಗೆಗೆ ಇಟ್ಟುಕೊಂಡು ಸುಮ್ನೆ ನಿಂತಳು. ಅವಳನ್ನು ಕರೆಯಲು ನನಗೆ ಮನಸ್ಸಾಗಲಿಲ್ಲ. ಮುವಾವಿನ್ ಹುಡುಗನೇ ಬಂದು ಕೈ ಗಡಿಯಾರ ತೋರಿಸಿ ಕರೆದುಕೊಂಡು ಹೋದ.

ಟಿಕೆಟ್ ತೆಗೆದುಕೊಳ್ಳುವಾಗ ಗೋರೆಮೆ ಅಂತಲೇ ಬರೆಸಿ. ದೊಡ್ಡ ಬಸ್ಸು ನೆವ್‌ಶೆಹಿರ್‌ನಲ್ಲಿ ನಿಂತರೂ ಅಲ್ಲಿಂದ ಕಂಪನಿಯ ಸಣ್ಣ ವ್ಯಾನು ಗೋರೆಮೆಗೆ ಬಿಡುತ್ತದೆ. ಇದಕ್ಕೆ ಸೆರ್ವಿಸ್ ಅನ್ನುತ್ತಾರೆ, ಹಲವು ಊರುಗಳಲ್ಲಿ ಓಟೊಗಾರ್‌ನಿಂದ ಊರೊಳಗೆ ಹೀಗೆ ಪುಕ್ಕಟೆ ಕರೆದುಕೊಂಡು ಹೋಗುತ್ತಾರೆ, ಕೇಳಿಕೊಳ್ಳಬೇಕಷ್ಟೇ.

ಗೋರೆಮೆಯ ಬಗ್ಗೆ ಎಲ್ಲರೂ ಬರೆದಿದ್ದಾರೆ. ಹಳೆಯ ಜ್ವಾಲಾಮುಖಿಗಳ ಬೂದಿ ಗಟ್ಟಿಯಾಗಿ, ಮಳೆ ಗಾಳಿಗೆ ಸವೆದು ಕಂಬ ಕಂಬವಾಗಿ ನಿಂತ ಕಲ್ಲು, ಅದರೊಳಗೆ ಕೊರೆದ ಚರ್ಚುಗಳು, ಬೆಳಿಗ್ಗೆ ಆಕಾಶದ ತುಂಬಾ ಬಲೂನು. ಬಲೂನನ್ನು ನಾವು ನೆಲದಿಂದ ನೋಡಿದೆವು, ಅದೇ ಚೆನ್ನಾಗಿತ್ತು. ಬುಧವಾರ ನೆವ್‌ಶೆಹಿರ್‌ನಿಂದ ಮಿನಿಬಸ್ ಹಿಡಿದು ದೆರಿನ್‌ಕುಯು ನೆಲದಡಿಯ ಊರಿಗೆ ಹೋದೆವು. ಸುಮಾರು 85 ಮೀಟರ್ ಆಳ, ಬಗ್ಗಿ ಬಗ್ಗಿ ಇಳಿಯಬೇಕು, ಮಂಡಿ ನೋವಿದ್ದವರು ಯೋಚನೆ ಮಾಡಿ. ನನಗೆ ಜಾಸ್ತಿ ನೆನಪಿರುವುದು ಆ ಮಿನಿಬಸ್ಸು. ಹಿಂದಿನ ಸೀಟಿನವರು ದುಡ್ಡನ್ನು ಮುಂದಿನವರ ಕೈಗೆ ಕೊಡುತ್ತಾರೆ, ಅದು ಕೈಯಿಂದ ಕೈಗೆ ಡ್ರೈವರ್ ತನಕ ಹೋಗುತ್ತದೆ, ಚಿಲ್ಲರೆ ಅದೇ ದಾರಿಯಲ್ಲಿ ಹಿಂದೆ ಬರುತ್ತದೆ. ಪಕ್ಕದಲ್ಲಿದ್ದ ಅಜ್ಜ ಕುಂಬಳಬೀಜದ ಪೊಟ್ಟಣ ನಮ್ಮ ಮುಂದೆ ಹಿಡಿದರು. ಆ ಸೀಮೆಯ ಮುಖ್ಯ ಬೆಳೆಗಳಲ್ಲಿ ಅದೂ ಒಂದು, ಹೊಲಗಳಲ್ಲಿ ಬೀಜ ತೆಗೆದ ಕುಂಬಳದ ರಾಶಿ ಬಿದ್ದಿರುತ್ತದೆ.

ಗುರುವಾರ, ಸುಲ್ತಾನ್‌ಹಾನ್ ದಾರಿಯಾಗಿ ಕೊನ್ಯಾ

ಗೋರೆಮೆಯಿಂದ ಕೊನ್ಯಾಗೆ ಮೂರೂವರೆ ಗಂಟೆಯ ದಾರಿ. ಅಕ್ಸರಾಯ್ ದಾಟಿದ ಮೇಲೆ ಮರ ಗಿಡ ಇಲ್ಲದ ಬಯಲು. ಕೊಯ್ಲು ಮುಗಿದ ಗೋಧಿ ಹೊಲ, ಅಲ್ಲಲ್ಲಿ ಕುರಿ ಮಂದೆ, ಸಕ್ಕರೆ ಬೀಟ್ ಗಡ್ಡೆ ತುಂಬಿಕೊಂಡು ಫ್ಯಾಕ್ಟರಿ ಕಡೆ ಹೊರಟ ಟ್ರ್ಯಾಕ್ಟರುಗಳು. ಸುಲ್ತಾನ್‌ಹಾನ್‌ನಲ್ಲಿ ಇಳಿಯುತ್ತೇವೆ ಅಂತ ಡ್ರೈವರ್‌ಗೆ ಮೊದಲೇ ಹೇಳಿದ್ದೆವು, ಹೆದ್ದಾರಿ ಪಕ್ಕದಲ್ಲೇ ಇಳಿಸಿದರು.

ಇದನ್ನು ಬಿಟ್ಟು ಹೋಗಬೇಡಿ ಅಂತ ಯಾರಿಗಾದರೂ ಕೈ ಹಿಡಿದು ಹೇಳಬೇಕು ಅನ್ನಿಸುವ ಜಾಗ ಇದು. 1229ರಲ್ಲಿ ಸೆಲ್ಜುಕ್ ಸುಲ್ತಾನ ಒಂದನೇ ಅಲಾವುದ್ದೀನ್ ಕೈಕುಬಾದ್ ಕಟ್ಟಿಸಿದ ಛತ್ರ. ಬೋಳು ಬಯಲಿನ ಮಧ್ಯೆ ಅಮೃತಶಿಲೆಯ ಎತ್ತರದ ಬಾಗಿಲು, ಅದರ ತುಂಬಾ ಜೇನುಗೂಡಿನ ಕೆತ್ತನೆ. ಒಳಗೆ ಬಿಸಿಲು ಬೀಳುವ ದೊಡ್ಡ ಅಂಗಳ, ಅದರ ನಡುವೆ ನಾಲ್ಕು ಕಮಾನಿನ ಮೇಲೆ ನಿಂತ ಪುಟ್ಟ ಮಸೀದಿ. ಹಿಂದುಗಡೆ ಚಳಿಗಾಲಕ್ಕೆ ಅಂತ ಮುಚ್ಚಿದ ಹಜಾರ, ಕತ್ತಲು, ತಂಪು, ಸಾಲು ಕಂಬಗಳು. ಆ ಕಾಲದ ಛತ್ರಗಳು ಒಂಟೆಗಳು ಒಂದು ದಿನಕ್ಕೆ ನಡೆಯುವ ದೂರಕ್ಕೆ ಒಂದರಂತೆ, ಸುಮಾರು 30–40 ಕಿಲೋಮೀಟರಿಗೆ ಒಂದು ಇದ್ದವು. ವ್ಯಾಪಾರಿ ಯಾವ ಊರಿನವನಾದರೂ, ಯಾವ ಧರ್ಮದವನಾದರೂ ಮೂರು ದಿನ ಉಳಿಯಲು, ಊಟಕ್ಕೆ, ಪ್ರಾಣಿಗಳ ಮೇವಿಗೆ ದುಡ್ಡು ಕೊಡಬೇಕಿರಲಿಲ್ಲ. ಅಂಗಳದಲ್ಲಿ ಕೂತು ಅಕ್ಕ ಬಸ್ಸಿನಲ್ಲಿ ಕೊಟ್ಟ ಕೇಕಿನ ಪ್ಯಾಕೆಟ್ ಒಡೆದಳು. "ಆ ಮುವಾವಿನ್ ಹುಡುಗ ಯಾರ ಮನೆತನದವನು ಅಂತ ಈಗ ಗೊತ್ತಾಯ್ತು ನೋಡು" ಅಂದಳು.

ಛತ್ರದ ಎದುರು ಕಾರ್ಪೆಟ್ ಅಂಗಡಿ. ಈ ಊರು ಹಳೆಯ ಕಾರ್ಪೆಟ್ ರಿಪೇರಿಗೆ ಹೆಸರುವಾಸಿ, ಬೇರೆ ದೇಶಗಳಿಂದಲೂ ಹರಿದ ಕಾರ್ಪೆಟ್ಟುಗಳು ಇಲ್ಲಿಗೆ ಬರುತ್ತವೆ. ಒಬ್ಬರು ಮಡಿಲಲ್ಲಿ ಹಾಸಿಕೊಂಡು ಗಂಟು ಕಟ್ಟುತ್ತಿದ್ದರು, ಇಲಿ ತಿಂದ ಅಂಗೈ ಅಗಲದ ಜಾಗ ತುಂಬಲು ವಾರಗಟ್ಟಲೆ ಬೇಕಂತೆ. ನಾವು ಏನೂ ಕೊಳ್ಳುವುದಿಲ್ಲ ಅಂತ ಮೊದಲೇ ಹೇಳಿದರೂ ಟೀ ತರಿಸಿದರು. ಸೊಂಟ ಸಣ್ಣಗಿರುವ ಗಾಜಿನ ಲೋಟ, ಹಾಲಿಲ್ಲದ ಕೆಂಪು ಟೀ, ಎರಡು ತುಂಡು ಸಕ್ಕರೆ. ಮತ್ತೆ ಹೆದ್ದಾರಿಗೆ ನಮ್ಮ ಚೀಲ ಹೊತ್ತು ತಂದು, ಕೊನ್ಯಾ ಬಸ್ಸಿಗೆ ಕೈ ಮಾಡಿ ನಿಲ್ಲಿಸಿ ಹತ್ತಿಸಿದವರೂ ಅವರೇ.

ಕೊನ್ಯಾದಲ್ಲಿ ಓಟೊಗಾರ್ ಊರಿನಿಂದ ದೂರ, ಆದರೆ ಟ್ರ್ಯಾಮ್ ಅಲ್ಲಿಂದಲೇ ಹೊರಟು ಅಲಾವುದ್ದೀನ್ ಗುಡ್ಡದ ತನಕ ಹೋಗುತ್ತದೆ, ಟ್ಯಾಕ್ಸಿ ಬೇಡ. ಸೂಫಿ ಕವಿ ಮೆವ್ಲಾನಾ ಜಲಾಲುದ್ದೀನ್ ರೂಮಿಯ ಸಮಾಧಿ ಇರುವ ಜಾಗ ಈಗ ಮ್ಯೂಸಿಯಂ, ಒಳಗೆ ಹೋಗಲು ಟಿಕೆಟ್ ಇಲ್ಲ, ಚಪ್ಪಲಿ ಮೇಲೆ ಪ್ಲಾಸ್ಟಿಕ್ ಕವರು ಹಾಕಿಕೊಳ್ಳಬೇಕು. ರೂಮಿ ತೀರಿಹೋದದ್ದು 1273ರ ಡಿಸೆಂಬರ್ 17ರಂದು, ಪ್ರತಿ ವರ್ಷ ಆ ಹೊತ್ತಿಗೆ ಊರು ತುಂಬಿ ತುಳುಕುತ್ತದಂತೆ. ನಾವು ಹೋದಾಗ ಹಳ್ಳಿಯಿಂದ ಬಂದ ಹೆಂಗಸರ ಗುಂಪೊಂದು ಸಮಾಧಿಯ ಎದುರು ಅಂಗೈ ಬಿಡಿಸಿ ನಿಂತಿತ್ತು. ಯಾರಿಗೂ ಅವಸರ ಇರಲಿಲ್ಲ. ಶುಕ್ರವಾರವೂ ಮತ್ತೆ ಅಲ್ಲಿಗೇ ಹೋದೆವು.

ಪೇಟೆಯಲ್ಲಿ ಒಣಗಿಸಿದ ಬೆಂಡೆಕಾಯಿ ಸರ ನೇತುಹಾಕಿದ್ದರು. ಒಂದೊಂದೂ ಕಿರುಬೆರಳಿನ ಉಗುರಿನಷ್ಟು! ಮದುವೆ ಮನೆಗಳಲ್ಲಿ ಇದರ ಸೂಪು ಮಾಡುತ್ತಾರೆ, ಮಾಂಸ ಹಾಕುತ್ತಾರೆ ಅಂತ ನಾವು ತಿನ್ನಲಿಲ್ಲ. ಅಕ್ಕ ಒಂದು ಸರ ಕೊಂಡಳು, ಮನೆಗೆ ಬಂದ ಮೇಲೆ ಅದರ ಗೊಜ್ಜು ಮಾಡಿದಳು. ಚೆನ್ನಾಗಿತ್ತು. ರಾತ್ರಿ ಊಟಕ್ಕೆ ಪಿದೆ, ಅಂದರೆ ಚೀಸ್ ಹಾಕಿ ಬೇಯಿಸಿದ ಉದ್ದನೆಯ ರೊಟ್ಟಿ, ಜೊತೆಗೆ ಉಪ್ಪು ಮಜ್ಜಿಗೆ, ಅಲ್ಲಿ ಅದಕ್ಕೆ ಐರಾನ್ ಎನ್ನುತ್ತಾರೆ.

ಶನಿವಾರ, ತಾರಸ್ ಬೆಟ್ಟ

ಅಂತಾಲ್ಯಕ್ಕೆ ಹೋಗುವ ಬಸ್ಸಿನಲ್ಲಿ ಜೋಡಿ ಸೀಟು ಉಳಿದಿರಲಿಲ್ಲ. ಅಕ್ಕ ಮುಂದೆ ಒಬ್ಬ ಅಜ್ಜಿಯ ಪಕ್ಕ, ನಾನು ಹಿಂದೆ ಒಬ್ಬ ರೈತರ ಪಕ್ಕ. ಅವರ ಊರು ಕೊನ್ಯಾ ಬಯಲಿನ ಕರಪಿನಾರ್ ಕಡೆ, ಮಗಳನ್ನು ನೋಡಲು ಹೊರಟಿದ್ದರು. ಇಬ್ಬರ ಫೋನಿನಲ್ಲೂ ಅನುವಾದದ ಆ್ಯಪ್ ಇತ್ತು, ಅದು ತಪ್ಪು ಹೇಳಿದಾಗ ಕೈ ಸನ್ನೆ ಇತ್ತು. ಅವರು ತೋರಿಸಿದ ಫೋಟೊ ಇನ್ನೂ ಕಣ್ಣ ಮುಂದೆ ಇದೆ: ಹೊಲದ ನಟ್ಟನಡುವೆ ಬಾವಿಯ ಹಾಗೆ ದುಂಡಗೆ ಕುಸಿದ ಗುಂಡಿ, ಮನೆಯೊಂದು ಪೂರ್ತಿ ಮುಳುಗುವಷ್ಟು ದೊಡ್ಡದು. ಒಬ್ರುಕ್ ಎನ್ನುತ್ತಾರೆ. ಅಲ್ಲಿ ನೆಲದಡಿ ಸುಣ್ಣದ ಕಲ್ಲು. ಮಳೆ ಕಡಿಮೆ, ಬೀಟ್‌ಗೂ ಮೆಕ್ಕೆಜೋಳಕ್ಕೂ ನೀರು ಜಾಸ್ತಿ ಬೇಕು, ಎಲ್ಲರೂ ಬೋರು ಕೊರೆದು ಎತ್ತಿದರು, ಒಳಗಿನ ನೀರು ಇಳಿದಂತೆ ಮೇಲಿನ ನೆಲ ಕುಸಿಯುತ್ತಿದೆ. ಹಳೆಯ ಕಾಲದಿಂದಲೂ ಗುಂಡಿಗಳಿದ್ದವು, ಈಗ ಹೊಸದು ಹೊಸದು ಬೀಳುತ್ತಿವೆ ಎಂದರು. ಚಿತ್ರದುರ್ಗ, ಕೋಲಾರದ ಬೋರ್‌ವೆಲ್‌ಗಳ ಕಥೆ ನಾನು ಹೇಳಿದೆ. ಎಷ್ಟು ಆಳ ಅಂತ ಕೇಳಿದರು. ಸಾವಿರ ಅಡಿ ದಾಟಿದ್ದೂ ಇದೆ ಎಂದಾಗ ತಲೆ ಅಲ್ಲಾಡಿಸಿ, ನನ್ನ ಮಂಡಿಯ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಸೆಯ್ದಿಶೆಹಿರ್ ದಾಟಿದ ಮೇಲೆ ಏರು. ಅಲಾಜಾಬೆಲ್ ಎಂಬ ಘಾಟಿ 1,825 ಮೀಟರ್ ಎತ್ತರದ್ದು, ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಕಟ್ಟುತ್ತದೆ. ನಮ್ಮ ಬಸ್ಸು ಅದರ ಹತ್ತಿರ ಹತ್ತಿರ ಬರುವಾಗ ಸುಟ್ಟ ರಬ್ಬರಿನ ವಾಸನೆ ಬಂತು, ಡ್ರೈವರ್ ಪಕ್ಕಕ್ಕೆ ತಂದು ನಿಲ್ಲಿಸಿದರು. ಎಂಜಿನ್ ಕುದಿಯುತ್ತಿತ್ತು. ಬೇರೆ ಬಸ್ಸು ಬರಬೇಕು, ಎರಡು ಗಂಟೆ ಆಗಬಹುದು ಅಂತ ತಿಳಿಯಿತು.

ಹೊರಗೆ ಬಿಸಿಲಿತ್ತು, ಗಾಳಿ ಮಾತ್ರ ಚುಚ್ಚುತ್ತಿತ್ತು. ಮೇಲೆ ಬೋಳು ಬಿಳಿ ಕಲ್ಲಿನ ತುದಿಗಳು, ಕೆಳಗೆ ಕಪ್ಪು ಹಸಿರು ಪೈನ್ ಮರಗಳು. ಮುವಾವಿನ್ ಉಳಿದ ಬಿಸಿನೀರಿನಲ್ಲಿ ಎಲ್ಲರಿಗೂ ಟೀ ಮಾಡಿಕೊಟ್ಟ. ಆಮೇಲೆ ಒಬ್ಬೊಬ್ಬರ ಚೀಲದಿಂದ ಒಂದೊಂದು ಹೊರಬಂತು: ಸೇಬು, ವಾಲ್‌ನಟ್, ಆಲಿವ್, ಬ್ರೆಡ್ಡು. ಅಕ್ಕನ ಪಕ್ಕದ ಅಜ್ಜಿ ಬಟ್ಟೆಯ ಗಂಟು ಬಿಚ್ಚಿದರು, ಒಳಗೆ ಆಲೂಗಡ್ಡೆ ಹಾಕಿ ಬೇಯಿಸಿದ ಬೋರೆಕ್, ಪದರ ಪದರ, ಇನ್ನೂ ಮೆತ್ತಗಿತ್ತು. ಮೊದಲ ತುಂಡು ಅಕ್ಕನಿಗೆ. ನಮ್ಮ ಹತ್ತಿರ ಊರಿನಿಂದ ತಂದ ಚಕ್ಕುಲಿ ಇತ್ತು, ಅಜ್ಜಿ ಮುರಿದು ತಿಂದು, ಇನ್ನೊಂದು ಕೇಳಿ ತೆಗೆದುಕೊಂಡರು. ಗಾಳಿ ಜೋರಾದಾಗ ತಮ್ಮ ಶಾಲಿನ ಅರ್ಧವನ್ನು ಅಕ್ಕನ ಹೆಗಲಿಗೆ ಹೊದಿಸಿದರು. ಇವಳು ಕನ್ನಡದಲ್ಲಿ, ಅವರು ಟರ್ಕಿಶ್‌ನಲ್ಲಿ, ಫೋನೂ ಇಲ್ಲ ಏನೂ ಇಲ್ಲ, ಇಬ್ಬರೂ ಒಂದೇ ಸಮನೆ ಮಾತಾಡುತ್ತಿದ್ದರು. "ಮಂಡಿ ನೋವಂತೆ ಕಣೋ, ಎರಡನೇ ಮಗನ ಮನೆಗೆ ಹೋಗ್ತಾ ಇದ್ದಾರೆ, ಸೊಸೆಗೆ ಈಗ ಏಳು ತಿಂಗಳು" ಅಂತ ಅಕ್ಕ ನನಗೆ ವರದಿ ಕೊಟ್ಟಳು. ರೈತರನ್ನು ಕರೆದು ಫೋನಿನಲ್ಲಿ ಕೇಳಿಸಿದೆ. ಎಲ್ಲವೂ ಸರಿಯಾಗಿತ್ತು.

ಇಂಥ ದಾರಿಗೆ ಹೊರಡುವಾಗ ಸ್ವೆಟರನ್ನು ಡಿಕ್ಕಿಯಲ್ಲಿ ಹಾಕದೆ ಕೈಯಲ್ಲೇ ಇಟ್ಟುಕೊಳ್ಳಿ, ಅದೇ ದಿನ ಮುಂದೆ ಬನಿಯನ್ ಸಾಕು ಅನ್ನಿಸುವ ಸೆಕೆ ಸಿಗುತ್ತದೆ. ಬದಲಿ ಬಸ್ಸು ಬಂದು ಇಳಿಜಾರು ಶುರುವಾಯಿತು. ಅಕ್ಸೆಕಿ ಸುತ್ತಿನ ಹಳ್ಳಿಗಳಲ್ಲಿ ಕಲ್ಲು ಗೋಡೆಯ ನಡುವೆ ಮರದ ತೊಲೆ ಸೇರಿಸಿ, ಅದರ ತುದಿಗಳನ್ನು ಗುಂಡಿ ಹೊಲಿದಂತೆ ಹೊರಗೆ ಬಿಟ್ಟ ಹಳೆಯ ಮನೆಗಳಿವೆ, ಒಂದೆರಡು ದಾರಿಯಿಂದಲೇ ಕಂಡವು. ತಿರುವು ತಿರುವಿಗೂ ಗಾಳಿ ಬೆಚ್ಚಗಾಗುತ್ತಾ ಹೋಯಿತು. ಆಮೇಲೆ ಒಮ್ಮೆಲೆ ಕಿತ್ತಳೆ, ದಾಳಿಂಬೆ, ಪ್ಲಾಸ್ಟಿಕ್ ಹೊದಿಸಿದ ತರಕಾರಿ ಮನೆಗಳು, ಅದರಾಚೆ ನೀಲಿ ಸಮುದ್ರ. ಒಳನಾಡು ಯಾಕೆ ಅಷ್ಟು ಒಣ, ಕರಾವಳಿ ಯಾಕೆ ಇಷ್ಟು ಹಸಿರು ಅಂತ ಅಕ್ಕ ಮಕ್ಕಳಿಗೆ ಬರೀ ಚಿತ್ರ ಬಿಡಿಸಿ ಹೇಳುತ್ತಿದ್ದಳು. ಮೋಡ ತಡೆಯುವ ಆ ಗೋಡೆಯ ಮೇಲೆ ಈಗ ಎರಡು ಗಂಟೆ ಕೂತು ಬಂದಿದ್ದಳು.

ಮನವ್‌ಗಾತ್‌ನಲ್ಲಿ ಅಜ್ಜಿ ಇಳಿದರು. ಅಕ್ಕನ ಎರಡೂ ಕೆನ್ನೆಗೆ ಮುತ್ತು ಕೊಟ್ಟು, ಹುರಿಗಡಲೆಯ ಪೊಟ್ಟಣವೊಂದನ್ನು ಕೈಗೆ ತುರುಕಿದರು. ಇಲ್ಲಿಂದ ಅಂತಾಲ್ಯದ ತನಕ ಅಕ್ಕ ಮಾತಾಡಲಿಲ್ಲ.

ಅಂತಾಲ್ಯ, ದೆನಿಜ್ಲಿ, ಪಮುಕ್ಕಲೆ

ಅಂತಾಲ್ಯದಲ್ಲಿ ಹಳೆಯ ಬಂದರು, ರೋಮನ್ ಚಕ್ರವರ್ತಿ ಹೇಡ್ರಿಯನ್ ಬಂದಾಗ ಕಟ್ಟಿದ ಬಾಗಿಲು, ಬೀದಿ ಬೀದಿಯಲ್ಲಿ ದಾಳಿಂಬೆ ರಸ. ಭಾನುವಾರ ಪೂರ್ತಿ ವಿಶ್ರಾಂತಿ.

ಸೋಮವಾರ ದೆನಿಜ್ಲಿ ಬಸ್ಸು ಕೊರ್ಕುತೆಲಿ ಕಡೆ ಮತ್ತೆ ಮೇಲಕ್ಕೆ ಹತ್ತಿತು. ಸಣ್ಣ ಸಣ್ಣ ಊರುಗಳಲ್ಲಿ ನಿಲ್ಲುವ ಬಸ್ಸು. ಒಂದು ಕಡೆ ತಾಯಿಯೊಬ್ಬರು ಓದುವ ಮಗಳಿಗೆ ಅಂತ ಡಬ್ಬಿ ಕೊಟ್ಟರು, ಇನ್ನೊಂದು ಕಡೆ ಟ್ರ್ಯಾಕ್ಟರಿನ ಯಾವುದೋ ಬಿಡಿಭಾಗ ಇಳಿಯಿತು. ನಮ್ಮ ಹಳ್ಳಿ ಬಸ್ಸುಗಳಲ್ಲಿ ಮೊದಲೆಲ್ಲ ಹೀಗೇ ಇತ್ತು, ಅಲ್ವಾ?

ದೆನಿಜ್ಲಿ ಓಟೊಗಾರ್‌ನಲ್ಲಿ ಇಳಿದಾಗ ಕತ್ತಲಾಗಿತ್ತು, ಡೋಲು ವಾಲಗದ ಸದ್ದು ಕಿವಿಗೆ ಬಡಿಯುತ್ತಿತ್ತು. ಸೈನ್ಯಕ್ಕೆ ಹೊರಟ ಹುಡುಗನ ಬೀಳ್ಕೊಡುಗೆ. ಆ ದೇಶದಲ್ಲಿ ಗಂಡುಹುಡುಗರಿಗೆ ಸೈನ್ಯದ ಸೇವೆ ಕಡ್ಡಾಯ, 2019ರಲ್ಲಿ ಅದನ್ನು ಆರು ತಿಂಗಳಿಗೆ ಇಳಿಸಿದ್ದಾರೆ. ಹೆಗಲಿಗೆ ಬಾವುಟ ಕಟ್ಟಿದ ಹುಡುಗನನ್ನು ಗೆಳೆಯರು ಗಾಳಿಗೆ ಎಸೆದು ಹಿಡಿಯುತ್ತಿದ್ದರು, ಕುಣಿಯುತ್ತಿದ್ದರು. ಅಮ್ಮ ಮಾತ್ರ ಬಸ್ಸಿನ ಬಾಗಿಲ ಬಳಿ ಅವನ ಚೀಲ ಹಿಡಿದು ನಿಂತಿದ್ದರು. ಬಸ್ಸು ಹೊರಟಾಗ ಗೆಳೆಯರು ಅದರ ಮುಂದೆ ನಿಂತು ಇನ್ನೊಂದು ಸುತ್ತು ಕುಣಿದರು, ಡ್ರೈವರ್ ಹಾರ್ನ್ ಹೊಡೆದು ತಾಳ ಹಾಕಿದರು. ಕುಣಿತ ನಿಂತ ಮೇಲೂ ಅಕ್ಕನ ಕಣ್ಣು ಆ ತಾಯಿಯ ಮೇಲೇ ಇತ್ತು.

ಪಮುಕ್ಕಲೆಗೆ ಹೋಗುವ ಮಿನಿಬಸ್ಸುಗಳು ಇದೇ ಓಟೊಗಾರ್‌ನ ಕೆಳ ಅಂತಸ್ತಿನಿಂದ ಹೊರಡುತ್ತವೆ. ಸುಣ್ಣದ ನೀರು ಹರಿದು ಹರಿದು ಗುಡ್ಡದ ಮೇಲೆ ಬಿಳಿ ಮೆಟ್ಟಿಲುಗಳ ಹಾಗೆ ಗಟ್ಟಿಯಾದ ಜಾಗ ಅದು. ಬರಿಗಾಲಲ್ಲೇ ಹತ್ತಬೇಕು, ಬೆಚ್ಚಗಿನ ಸುಣ್ಣದ ನೀರು ಕಾಲ ಮೇಲೆ ಹರಿಯುತ್ತದೆ. ಚಪ್ಪಲಿ ಹಾಕಿಕೊಳ್ಳಲು ಒಂದು ಚೀಲ ಇರಲಿ. ಬೆಳಿಗ್ಗೆ ಬೇಗ ಹೋದರೆ ಜನ ಕಡಿಮೆ.

ಇಜ್ಮಿರ್‌ನಿಂದ ಬುರ್ಸಾ, ಹಳೆಯ ರಸ್ತೆಯಲ್ಲಿ

ಮೆಂಡೆರೆಸ್ ಕಣಿವೆಯ ಅಂಜೂರ, ಆಲಿವ್ ತೋಟಗಳ ನಡುವೆ ಇಜ್ಮಿರ್‌ಗೆ ಬಂದು ಅಲ್ಲಿ ಎರಡು ರಾತ್ರಿ ಕಳೆದೆವು. ಮುಂದಿನ ದಾರಿ ಬುರ್ಸಾಗೆ. ಇಸ್ತಾಂಬುಲ್–ಇಜ್ಮಿರ್ ಎಕ್ಸ್‌ಪ್ರೆಸ್ ರಸ್ತೆ 2019ರಲ್ಲಿ ಪೂರ್ತಿಯಾದ ಮೇಲೆ ಹೆಚ್ಚಿನ ಬಸ್ಸುಗಳು ಅದರಲ್ಲೇ ಓಡುತ್ತವೆ. ಕೌಂಟರಿನಲ್ಲಿ ನಾವು ಬಾಲಿಕೆಸಿರ್, ಸುಸುರ್ಲುಕ್ ಮೇಲೆ ಹೋಗುವ ಬಸ್ಸೇ ಬೇಕು ಎಂದೆವು. "ಅದು ನಿಧಾನ" ಅಂತ ಎಚ್ಚರಿಸಿದರು. ಅದಕ್ಕೇ ಬೇಕಿತ್ತು.

ಸುಸುರ್ಲುಕ್ ತಲೆಮಾರುಗಳಿಂದ ಬಸ್ಸು ನಿಲ್ಲುವ ಊರು. ಇಲ್ಲಿಯ ಟೋಸ್ಟು ಮತ್ತು ನೊರೆ ಮಜ್ಜಿಗೆ ದೇಶಕ್ಕೆಲ್ಲ ಗೊತ್ತು. ಸಾಸೇಜ್ ಬೇಡ, ಕಾಶರ್ ಚೀಸ್ ಮಾತ್ರ ಸಾಕು ಎಂದಾಗ ಟೊಮೆಟೊ ಮೆಣಸಿನ ಪೇಸ್ಟು ಸವರಿ, ಕಬ್ಬಿಣದ ಹೆಂಚಿನ ನಡುವೆ ಒತ್ತಿ ಗರಿಗರಿ ಮಾಡಿಕೊಟ್ಟರು. ಮಜ್ಜಿಗೆ ಯಂತ್ರದಲ್ಲಿ ಕಾರಂಜಿಯಂತೆ ಚಿಮ್ಮುತ್ತಾ ಬೀಳುತ್ತಿರುತ್ತದೆ, ಲೋಟದ ಮೇಲೆ ನಾಲ್ಕು ಬೆರಳು ನೊರೆ. ಅಷ್ಟು ದೊಡ್ಡ ಹಾಲ್‌ನಲ್ಲಿ ಅರ್ಧದಷ್ಟು ಮೇಜು ಖಾಲಿ. ಮೊದಲು ರಾತ್ರಿ ಹಗಲು ಬಸ್ಸುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು, ಹೊಸ ರಸ್ತೆ ಬಂದ ಮೇಲೆ ಕಡಿಮೆಯಾಯಿತು ಅಂತ ಟೋಸ್ಟು ಮಾಡುವವರು ಹೇಳಿದರು. ಬೇಜಾರಿನಿಂದ ಹೇಳಲಿಲ್ಲ, ಆದರೆ ನನಗೆ ಬೇಜಾರಾಯಿತು. ನೀವು ಆ ಕಡೆ ಹೋದರೆ ದಯವಿಟ್ಟು ಹಳೆಯ ರಸ್ತೆ ಹಿಡಿಯಿರಿ, ಅಲ್ಲಿ ಇಳಿದು ಒಂದು ಲೋಟ ಮಜ್ಜಿಗೆ ಕುಡಿಯಿರಿ.

ಬುರ್ಸಾದಲ್ಲಿ 1491ರಲ್ಲಿ ಕಟ್ಟಿದ ಕೋಜಾ ಹಾನ್ ಇದೆ, ರೇಷ್ಮೆಗೂಡಿನ ವ್ಯಾಪಾರ ನಡೆಯುತ್ತಿದ್ದ ಛತ್ರ. ಈಗ ಮೇಲಿನ ಅಂತಸ್ತಿನ ತುಂಬಾ ರೇಷ್ಮೆ ಶಾಲಿನ ಅಂಗಡಿಗಳು, ಅಂಗಳದ ಮರದ ಕೆಳಗೆ ಟೀ. ರಾಮನಗರದ ಗೂಡಿನ ಮಾರುಕಟ್ಟೆಯ ವಿಡಿಯೊವನ್ನು ಫೋನಿನಲ್ಲಿ ತೋರಿಸಿದಾಗ ಒಬ್ಬ ಅಂಗಡಿಯವರು ಅಕ್ಕಪಕ್ಕದವರನ್ನೆಲ್ಲ ಕರೆದರು. ಬುಟ್ಟಿ ಬುಟ್ಟಿ ಹಳದಿ ಗೂಡು ನೋಡಿ, ತಮ್ಮ ಅಜ್ಜನ ಕಾಲದಲ್ಲಿ ಇಲ್ಲೂ ಹೀಗೇ ಸುರಿಯುತ್ತಿದ್ದರು ಎಂದರು.

ಸೇತುವೆ ದಾಟಿ ಇಸ್ತಾಂಬುಲ್

ಕೊನೆಯ ಬಸ್ಸು ಚಿಕ್ಕ ದಾರಿಯದು. ಇಜ್ಮಿತ್ ಕೊಲ್ಲಿಯ ಮೇಲೆ ಓಸ್ಮಾನ್‌ಗಾಜಿ ಸೇತುವೆ, 2016ರಲ್ಲಿ ಶುರುವಾದದ್ದು. ಎರಡು ಗೋಪುರಗಳ ನಡುವೆ 1,550 ಮೀಟರ್ ತೂಗುವ ರಸ್ತೆ. ಪಕ್ಕದಲ್ಲಿ ಕೂತ ವಿದ್ಯಾರ್ಥಿ ಮೊದಲು ಬಸ್ಸು ಸಮೇತ ಹಡಗಿನಲ್ಲಿ ದಾಟುತ್ತಿದ್ದುದನ್ನು ಹೇಳಿದ. ಮೇಲೆ ಹೋಗಿ ನಿಂತು ಕಡಲಹಕ್ಕಿಗಳಿಗೆ ಸಿಮಿತ್ (ಎಳ್ಳು ಹಚ್ಚಿದ ಬಳೆಯಾಕಾರದ ಬ್ರೆಡ್ಡು) ಚೂರು ಎಸೆಯುವುದೇ ಅವನ ಬಾಲ್ಯದ ರಜೆಯ ನೆನಪಂತೆ. ಹಡಗು ಈಗಲೂ ಇದೆ.

ಇಸ್ತಾಂಬುಲ್‌ಗೆ ಬರುವ ಬಸ್ಸು ಯಾವ ಓಟೊಗಾರ್‌ಗೆ ಹೋಗುತ್ತದೆ ಅಂತ ಹತ್ತುವ ಮೊದಲೇ ಕೇಳಬೇಕು. ಏಷ್ಯಾ ಕಡೆ ಇಳಿದರೆ ಹೋಟೆಲ್ ಸೇರುವಷ್ಟರಲ್ಲಿ ಇನ್ನೊಂದು ಪ್ರಯಾಣವೇ ಆಗುತ್ತದೆ. ಹಳೆಯ ಊರಿಗೆ ಹೋಗುವವರಿಗೆ ಅಲಿಬೇಕೊಯ್ ಒಳ್ಳೆಯದು, ಅಲ್ಲಿಂದಲೇ ಗೋಲ್ಡನ್ ಹಾರ್ನ್ ಕೊಲ್ಲಿಯ ದಡದಲ್ಲಿ ಹಳೆಯ ಊರಿನ ಎಮಿನೊನು ತನಕ ಟ್ರ್ಯಾಮ್ ಇದೆ.

ನಾನು ಚೀಟಿ ಕೊಟ್ಟು ಲಗೇಜು ಇಳಿಸಿಕೊಳ್ಳುವಷ್ಟರಲ್ಲಿ ಅಕ್ಕ ಪಕ್ಕದ ಕೌಂಟರಿನಲ್ಲಿ ನಿಂತು ವಾನ್ ಬಸ್ಸಿನ ಬಗ್ಗೆ ವಿಚಾರಿಸುತ್ತಿದ್ದಳು. ಇರಾನ್ ಗಡಿಯ ಹತ್ತಿರದ ಊರು, ಇಪ್ಪತ್ತು ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ. ಮೇ ತಿಂಗಳಲ್ಲಿ ಬನ್ನಿ, ಘಾಟಿಯ ಹಿಮ ಕರಗಿರುತ್ತದೆ ಎಂದರಂತೆ ಕೌಂಟರಿನವರು. ಬಸ್ಸಿನ ಸಮಯವನ್ನು ಡೈರಿಯಲ್ಲಿ ಬರೆದುಕೊಂಡು ಬಂದಿದ್ದಾಳೆ.